ಮುಂಗೋಳಿ ಅಂದರೆ ಎಷ್ಟು ಗಂಟೆ?

ಸೂರತ್‌ನ ಅಡಾಜಣ್‌ನಿಂದ ಮಾತಾಡ್ತಾ ಇದೀನಿ. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರು ಓದಿಕೊಳ್ಳಲಿ ಅಂತ ಎಂದಿನ ಹಾಗೆ ಮಾತನ್ನ ಬರಹಕ್ಕೆ ಇಳಿಸಿದ್ದೀನಿ. ಹೊಸಬರಿಗೆ ಒಂದು ಮಾತು: ನಾನು ಇತಿಹಾಸದ ಮೇಷ್ಟ್ರಲ್ಲ. ಎಂ.ಟೆಕ್ ಮಾಡಿಕೊಂಡು ಸಾಫ್ಟ್‌ವೇರ್ ಬರೆಯೋನು. ಊರು ಅರಸೀಕೆರೆ ಕಡೆ ಒಂದು ಹಳ್ಳಿ. ಯಾವುದಾದರೂ ಪದ ತಲೆಗೆ ಹೊಕ್ಕರೆ ಅದರ ಬೆನ್ನು ಹತ್ತೋದು ಚಟ.

ಇವತ್ತಿನ ಪದ ಮುಂಗೋಳಿ. ಈ ಪದದ ಮೇಲೆ ನಮ್ಮ ಮನೆಯಲ್ಲಿ ಒಂದು ಸಣ್ಣ ವ್ಯಾಜ್ಯವೇ ನಡೆದುಹೋಯ್ತು. ಅಲ್ಲಿಂದಲೇ ಶುರು ಮಾಡ್ತೀನಿ.

ಅಪ್ಪನ ಅರವತ್ತು

2024ರಲ್ಲಿ ನಮ್ಮಪ್ಪನಿಗೆ ಅರವತ್ತು ತುಂಬಿತು. ಊರಲ್ಲಿ ಒಂದು ಶಾಂತಿ ಮಾಡಿಸೋಣ ಅಂತ ಅಮ್ಮ. ಪುರೋಹಿತರು ಜಾತಕ ಕೇಳಿದ್ರು. ಅಪ್ಪನಿಗೆ ಜಾತಕ ಬರೆಸೇ ಇಲ್ಲ. ಅಮ್ಮ ಫೋನ್ ಮಾಡಿ, "ಈಗೆಲ್ಲಾ ಮೊಬೈಲಲ್ಲೇ ಬರುತ್ತಂತಲ್ಲ, ಮಾಡಿ ಕಳಿಸಪ್ಪ" ಅಂದ್ರು. ನಾನು ಒಂದು ಆ್ಯಪ್ ತೆಗೆದೆ. ಅದು ಕೇಳಿದ್ದು ಮೂರು: ಹುಟ್ಟಿದ ಊರು, ತಾರೀಖು, ಗಂಟೆ ಮತ್ತು ನಿಮಿಷ.

ಶಾಲೆ ದಾಖಲೆಯಲ್ಲಿ ಅಪ್ಪ ಹುಟ್ಟಿದ್ದು ಜೂನ್ 1. ನಮ್ಮ ಕಡೆ ಆ ತಲೆಮಾರಿನ ಅರ್ಧ ಊರು ಜೂನ್ ಒಂದನೇ ತಾರೀಖೇ ಹುಟ್ಟಿದ್ದು, ನಿಮ್ಮೂರಲ್ಲೂ ಹಾಗೇ ಇರುತ್ತೆ. ಮೇಷ್ಟ್ರು ಶಾಲೆಗೆ ಸೇರಿಸಿಕೊಳ್ಳುವಾಗ ಬರೆದುಕೊಂಡ ತಾರೀಖು ಅದು. ನಿಜವಾದ ದಾಖಲೆ ಅಂತ ನಮ್ಮ ಹತ್ರ ಇರೋದು ಅಜ್ಜಿಯ ಒಂದು ಮಾತು. ಅಪ್ಪನಿಗೆ ಜ್ವರ ಬಂದಾಗ, ಮದುವೆ ಮಾಡುವಾಗ, ಸುಮ್ಮನೆ ನೆನಪಾದಾಗ, ಎಷ್ಟು ಸಲ ಹೇಳಿದರೂ ಅಜ್ಜಿ ಆ ಮಾತಲ್ಲಿ ಒಂದಕ್ಷರ ಆಚೀಚೆ ಮಾಡ್ತಿರಲಿಲ್ಲ: "ಕ್ರೋಧಿ ಸಂವತ್ಸರ, ಕಾರ್ತೀಕದ ಕಡೇ ಸೋಮವಾರ. ಮುಂಗೋಳಿ ಕೂಗ್ತು, ಇವನು ಹುಟ್ಟಿದ." ಸೋಮವಾರದ ಮಗ ಅಂತಲೇ ಅಪ್ಪನ ಹೆಸರಲ್ಲಿ 'ಸೋಮ' ಸೇರಿಕೊಂಡಿದೆ. ಅಜ್ಜಿ ಈಗಿಲ್ಲ.

ಸರಿ, ಲೆಕ್ಕ ಹಾಕೋಣ. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. 2024ರ ಯುಗಾದಿಗೆ ಶುರುವಾಗಿದ್ದೂ ಕ್ರೋಧಿ, 1964ರ ಯುಗಾದಿಗೆ ಶುರುವಾಗಿದ್ದೂ ಕ್ರೋಧಿ. 1964ರ ಕಾರ್ತೀಕದ ಕಡೇ ಸೋಮವಾರ ಅಂದರೆ ನವೆಂಬರ್ 30. ಇಲ್ಲಿಯವರೆಗೆ ತೊಂದರೆ ಇಲ್ಲ. ಮುಂಗೋಳಿ ಅಂದರೆ ಬೆಳಗಿನ ಜಾವ, ಅಂದಾಜು ನಾಲ್ಕೂವರೆ ಅಂದ್ಕೊಂಡೆ. ನವೆಂಬರ್ 30, ಬೆಳಗ್ಗೆ 4:30 ಅಂತ ಹಾಕೋಕೆ ಹೋಗಿ ಕೈ ನಿಂತಿತು. ಅದು ಭಾನುವಾರದ ರಾತ್ರಿ ಕಳೆದು ಸೋಮವಾರ ಬರೋ ಹೊತ್ತು. ಅಜ್ಜಿ ಹೇಳಿದ್ದು ಸೋಮವಾರ ಪೂಜೆ ಮುಗಿಸಿ, ದೀಪ ಹಚ್ಚಿ, ಮಲಗಿ, ನೋವು ಶುರುವಾಗಿ, ಆಮೇಲಿನ ಮುಂಗೋಳಿ. ಹಾಗಾದರೆ ಡಿಸೆಂಬರ್ 1, ಬೆಳಗ್ಗೆ 4:30. ಹಾಕಿದೆ. ಆ್ಯಪ್ ದಪ್ಪಕ್ಷರದಲ್ಲಿ 'ಮಂಗಳವಾರ' ಅಂತ ತೋರಿಸ್ತು.

ಅಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಹಂಗಾದ್ರೆ ಅವ್ವ ಸುಳ್ಳು ಹೇಳಿದ್ಲಾ?" ಅಂದ್ರು.

ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಹೊರಟಿದ್ದೇ ಈ ಸಂಚಿಕೆ.

ಪದ ಬಿಚ್ಚಿ ನೋಡೋಣ

ಮುಂ + ಕೋಳಿ = ಮುಂಗೋಳಿ. ಎರಡನೇ ಪದದ ಮೊದಲಿನ ಕಕಾರಕ್ಕೆ ಗಕಾರ ಬಂತು, ಶಾಲೆಯಲ್ಲಿ ಕಲಿತ ಆದೇಶ ಸಂಧಿ. ಮುಂಗೈ, ಮುಂಗಾಲು, ಮುಂಗಾರು ಇವೆಲ್ಲ ಇದೇ ಸಾಲು. ಇವುಗಳಲ್ಲಿ ಮುಂಗೋಳಿಗೆ ಹತ್ತಿರದ ನೆಂಟ ಮುಂಗಾರು. ಮೊದಲು ಬರೋ ಮಳೆಗಾಲ ಮುಂಗಾರು, ಮೊದಲು ಕೂಗೋ ಕೋಳಿ ಮುಂಗೋಳಿ. ಮುಂಗಾರಿಗೆ ಹಿಂಗಾರು ಜೋಡಿ ಇದೆ, ಮುಂಗೋಳಿಗೆ ಹಿಂಗೋಳಿ ಇದ್ದದ್ದನ್ನ ನಾನು ಕೇಳಿಲ್ಲ. ಮಹಾರಾಷ್ಟ್ರದಲ್ಲಿ ಹಿಂಗೋಲಿ ಅಂತ ಜಿಲ್ಲೆ ಇದೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ದಯವಿಟ್ಟು ಕಾಮೆಂಟ್ ಹಾಕಬೇಡಿ.

ಕೋಳಿ ಅನ್ನೋ ಪದಾನೂ ಹಳೇದು. ಹಳಗನ್ನಡದಲ್ಲಿ ಅದು ಕೋೞಿ. ಆ ೞ ಅಕ್ಷರ ನಮ್ಮಲ್ಲಿ ಬಿಟ್ಟುಹೋಗಿ ಳಕಾರ ಆಯ್ತು. ತಮಿಳು, ಮಲಯಾಳದಲ್ಲಿ ಇನ್ನೂ ಉಳಿದಿದೆ. ತೆಲುಗಿನವರು ಕೋಡಿ ಅಂದ್ರು, ತುಳುವರು ಕೋರಿ ಅಂದ್ರು. ತುಳುವಿನಲ್ಲಿ ಬಾಳೆಗೆ ಬಾರೆ ಅಂತಾರಲ್ಲ, ಅದೇ ಲೆಕ್ಕ. ಇಷ್ಟು ಭಾಷೆಗಳಲ್ಲಿ ಹಂಚಿಹೋಗಿದೆ ಅಂದರೆ, ಈ ಭಾಷೆಗಳು ಬೇರೆ ಬೇರೆ ಆಗೋಕೆ ಮುಂಚೆಯೇ ಈ ಹಕ್ಕಿಗೆ ಹೆಸರು ಬಿದ್ದಿತ್ತು.

ಇಲ್ಲಿ ಒಂದು ವಿಷಯ ಗಮನಿಸಿ. ಲೋಕದಲ್ಲಿ ಕೋಳಿ ಕೂಗಿಗೆ ಇರೋ ಪದಗಳೆಲ್ಲ ಹೆಚ್ಚಾಗಿ ಸದ್ದಿನ ನಕಲು. ಕನ್ನಡದ ಮಕ್ಕಳಿಗೆ ಕೊಕ್ಕೊಕ್ಕೋ, ಫ್ರೆಂಚರಿಗೆ ಕೊಕೊರಿಕೊ, ಜರ್ಮನರಿಗೆ ಕಿಕೆರಿಕಿ, ಜಪಾನಿನವರಿಗೆ ಕೊಕೆಕೊಕ್ಕೋ. ಜಪಾನಿನ ಹುಂಜಕ್ಕೆ ನಮ್ಮ ಹುಂಜದ ಭಾಷೆ ಅರ್ಧ ಅರ್ಥ ಆಗುತ್ತೆ. ನನ್ನ ಮಗಳು ಇಲ್ಲಿನ ಅಂಗನವಾಡಿ ವಯಸ್ಸಿನ ಮಕ್ಕಳ ಜೊತೆ ಆಡಿ ಕಲಿತಿರೋದು 'ಕೂಕಡೇಕೂಕ್'. ಗುಜರಾತಿಯಲ್ಲಿ ಹುಂಜ ಅಂದರೇ ಕೂಕಡೋ. ಸಂಸ್ಕೃತದ ಕುಕ್ಕುಟ ಕೂಡ ಹಾಗೇ, ಕೂಗೇ ಹೆಸರಾಗಿದೆ.

ಸಂಸ್ಕೃತ ವ್ಯಾಕರಣ ಪಾಠ ಹೇಳೋರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗ್ತಾರೆ. ಪಾಣಿನಿ ಹ್ರಸ್ವ, ದೀರ್ಘ, ಪ್ಲುತ ಅನ್ನೋ ಮೂರು ಅಳತೆಯನ್ನ ವಿವರಿಸೋಕೆ ಅಕಾರ ಬಿಟ್ಟು ಉಕಾರ ಯಾಕೆ ತಗೊಂಡ ಅಂತ ಪ್ರಶ್ನೆ. ಅವರ ಉತ್ತರ: ಕೋಳಿ ಕೂಗು ಕೇಳಿ. ಕು, ಕೂ, ಕೂ೩. ಒಂದು ಮಾತ್ರೆ, ಎರಡು ಮಾತ್ರೆ, ಮೂರು ಮಾತ್ರೆ. ಅಳತೆಗೋಲು ಬೆಳಗ್ಗೆ ಎದ್ದರೆ ಕಿವಿಗೇ ಬೀಳುತ್ತೆ.

ಆದರೆ ಮುಂಗೋಳಿ ಸದ್ದಿನ ನಕಲು ಅಲ್ಲ. ಅದರೊಳಗೆ ಕೊಕ್ಕೋ ಇಲ್ಲ, ಕೂಕೂ ಇಲ್ಲ. ಅದರಲ್ಲಿರೋದು 'ಮುಂ'. ಅಂದರೆ ಕ್ರಮ, ಸರದಿ. ಈ ಪದ ಹೇಳೋದು ಕೋಳಿ ಹೇಗೆ ಕೂಗ್ತು ಅಂತಲ್ಲ, ಯಾವಾಗ ಕೂಗ್ತು ಅಂತ.

ಕೂಗು ಅಂದರೆ ಅಳತೆ

ಕನ್ನಡದಲ್ಲಿ ಪ್ರಾಣಿಗಳ ದನಿಗೆ ಒಂದೊಂದಕ್ಕೂ ಬೇರೆ ಬೇರೆ ಕ್ರಿಯಾಪದ ಇದೆ. ನಾಯಿ ಬೊಗಳುತ್ತೆ, ಕುದುರೆ ಕೆನೆಯುತ್ತೆ, ಆನೆ ಘೀಳಿಡುತ್ತೆ, ನರಿ ಊಳಿಡುತ್ತೆ, ಹಾವು ಬುಸುಗುಡುತ್ತೆ. ಕೋಳಿ ಮಾತ್ರ ಕೂಗುತ್ತೆ. ಮನುಷ್ಯರೂ ಕೂಗ್ತಾರೆ. "ಅಮ್ಮ ಕೂಗ್ತಿದಾಳೆ, ಬಂದೆ" ಅಂತೀವಿ. ಕೂಗು ಅಂದರೆ ಬರೀ ಸದ್ದಲ್ಲ, ಯಾರಿಗೋ ತಲುಪಲಿ ಅಂತ ಹೊರಡೋ ದನಿ.

ತಲುಪೋ ದನಿ ಆದ್ದರಿಂದಲೇ ಅದು ಅಳತೆ ಆಯ್ತು. ಪೇಪರಿನಲ್ಲಿ ದಿನಾ ಓದ್ತೀವಿ, "ಪೊಲೀಸ್ ಠಾಣೆಯ ಕೂಗಳತೆ ದೂರದಲ್ಲೇ ಕಳ್ಳತನ" ಅಂತ. ಕೂಗು + ಅಳತೆ. ಸಂಸ್ಕೃತದ ಕ್ರೋಶ ಅನ್ನೋ ಪದಕ್ಕೂ ಮೂಲದಲ್ಲಿ ಕೂಗು ಅಂತಲೇ ಅರ್ಥ. ಆಕ್ರೋಶದಲ್ಲಿ ಆ ಅರ್ಥ ಇನ್ನೂ ಇದೆ. ಅದೇ ಕ್ರೋಶ ಹಿಂದಿಯಲ್ಲಿ ಕೋಸ್ ಆಗಿ ದಾರಿಯ ಅಳತೆ ಆಯ್ತು. ಕೇರಳದ ಕೋಳಿಕ್ಕೋಡಿನ ಹೆಸರಿಗೆ ಜನ ಹೇಳೋ ಕಥೆ ಗೊತ್ತಲ್ಲ? ಚೇರಮಾನ್ ಪೆರುಮಾಳ್ ರಾಜ್ಯ ಹಂಚುವಾಗ ಸಾಮೂದಿರಿಗೆ ಕೊಟ್ಟಿದ್ದು ತಳಿ ದೇವಸ್ಥಾನದಿಂದ ಕೋಳಿ ಕೂಗಿದರೆ ಕೇಳುವಷ್ಟು ನೆಲ. ಅದು ಐತಿಹ್ಯ. ಆದರೆ ಕೋಳಿ ಕೂಗಿನಿಂದ ನೆಲ ಅಳೆಯಬಹುದು ಅಂತ ಜನ ನಂಬೋಕೆ ತಯಾರಿದ್ದರು ಅನ್ನೋದು ಇತಿಹಾಸ.

ನೆಲಕ್ಕಿಂತ ಹೆಚ್ಚಾಗಿ ಅಳೆದದ್ದು ಹೊತ್ತನ್ನ. ಹೊಸ ಒಡಂಬಡಿಕೆಯ ಮಾರ್ಕನ ಸುವಾರ್ತೆಯಲ್ಲಿ ರಾತ್ರಿಯ ನಾಲ್ಕು ಜಾವಗಳ ಹೆಸರು ಬರುತ್ತೆ: ಸಂಜೆ, ನಡುರಾತ್ರಿ, ಕೋಳಿ ಕೂಗು, ಬೆಳಗು. ಮೂರನೇದಕ್ಕೆ ಗ್ರೀಕಿನಲ್ಲಿ ಇರೋ ಪದ ಅಲೆಕ್ಟೊರೊಫೋನಿಯಾ, ಕೋಳಿಯ ದನಿ ಅಂತಲೇ ಅರ್ಥ. ರೋಮನ್ನರ ಲ್ಯಾಟಿನ್‌ನಲ್ಲಿ ಗಲ್ಲಿಸಿನಿಯಮ್, ಅದೂ ಕೋಳಿಯ ಹಾಡು. ನಮ್ಮ ಮುಂಗೋಳಿಗೆ ದೂರದ ಓರಗೆಯವರು ಇವರು. ಮೂರೂ ಕಡೆ ಒಂದು ಸದ್ದು ಒಂದು ಹೊತ್ತಿನ ಹೆಸರಾಗಿದೆ.

ನಮ್ಮೂರಲ್ಲಿ ಈ ಹೊತ್ತಿಗೆ ಕೆಲಸಗಳು ನಿಗದಿಯಾಗಿದ್ದವು. ತಾತ ಕೊಬ್ಬರಿ ತಗೊಂಡು ತಿಪಟೂರಿಗೆ ಗಾಡಿ ಕಟ್ತಿದ್ದದ್ದು ಮುಂಗೋಳಿಗೆ. ಅಜ್ಜಿ ಬೀಸುವ ಕಲ್ಲಿಗೆ ರಾಗಿ ಸುರಿದು ಪದ ಶುರು ಮಾಡ್ತಿದ್ದದ್ದು ಮುಂಗೋಳಿಗೆ. "ನಾಳೆ ನಾಲ್ಕಕ್ಕೆ ಎದ್ದುಬಿಡಿ" ಅಂತ ಯಾರೂ ಹೇಳ್ತಿರಲಿಲ್ಲ. "ಮುಂಗೋಳಿಗೇ ಎದ್ದುಬಿಡಿ" ಅಂದರೆ ಸಾಕಿತ್ತು, ಊರಿಗೆಲ್ಲ ಒಂದೇ ಗಡಿಯಾರ.

ಗಡಿಯಾರ ಅಂದಮೇಲೆ ಮೋಸಾನೂ ಇರುತ್ತೆ. ಅಹಲ್ಯೆಯ ಕಥೆಯನ್ನ ನಮ್ಮ ಜನ ಹೇಳೋ ರೀತಿಯಲ್ಲಿ, ಇಂದ್ರನೋ ಅವನ ಜೊತೆಗಾರ ಚಂದ್ರನೋ ನಡುರಾತ್ರಿಯಲ್ಲೇ ಕೋಳಿಯ ಹಾಗೆ ಕೂಗ್ತಾನೆ. ಗೌತಮರು ಬೆಳಗಾಯ್ತು ಅಂತ ಹೊಳೆಗೆ ಹೋಗ್ತಾರೆ. ವಾಲ್ಮೀಕಿಯಲ್ಲಿ ಈ ಕೋಳಿ ಇಲ್ಲ, ಜನ ಸೇರಿಸಿಕೊಂಡದ್ದು. ಯಾಕೆ ಸೇರಿಸಿದರು? ಋಷಿಯನ್ನೂ ಮನೆ ಬಿಟ್ಟು ಎಬ್ಬಿಸೋ ಅಧಿಕಾರ ಯಾವುದಕ್ಕಿದೆ ಅಂತ ಅವರಿಗೆ ಗೊತ್ತಿತ್ತು. ಸಾಫ್ಟ್‌ವೇರ್‌ನವರಿಗೆ ಹೇಳೋದಾದರೆ, ಇದು ಟೈಮ್ ಸರ್ವರ್‌ಗೇ ಕನ್ನ ಹಾಕಿದ ಕೇಸು.

'ಅಜ್ಜಿಯ ಕೋಳಿ' ಕಥೆಯೂ ಇದೇ ನೆಲದ್ದು. ನನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗೇ ಆಗಲ್ಲ ಅಂತ ಮುದುಕಿ ಕೋಳಿ ಎತ್ತಿಕೊಂಡು ಕಾಡಿಗೆ ಹೋದಳು, ಊರಲ್ಲಿ ಯಥಾಪ್ರಕಾರ ಬೆಳಗಾಯ್ತು. ಜಂಬದ ಮೇಲೆ ನೀತಿಪಾಠ ಅಂತ ಇದನ್ನ ಹೇಳ್ತೀವಿ. ಮರಾಠಿಯಲ್ಲೂ ಕೋಳಿ ಮುಚ್ಚಿಟ್ಟರೆ ಮೂಡಲು ಕೆಂಪಾಗೋದು ನಿಲ್ಲಲ್ಲ ಅನ್ನೋ ಗಾದೆ ಇದೆ. ನನಗೆ ಮುದುಕಿಯ ಮೇಲೆ ಸ್ವಲ್ಪ ಕನಿಕರ. ಸೂರ್ಯ ಹುಟ್ಟಿದ್ದು ನಿಜ, ಆದರೆ ಅವತ್ತು ತಿಪಟೂರಿಗೆ ಗಾಡಿ ಕಟ್ಟಬೇಕಾದವನು ತಡವಾಗಿ ಎದ್ದಿರ್ತಾನೆ.

ಹುಂಜದ ಒಳಗಿನ ಗಡಿಯಾರ

ಈಗ ಅಪ್ಪನ ಪ್ರಶ್ನೆಗೆ ಹತ್ತಿರ ಬರೋಣ. ಮುಂಗೋಳಿ ಎಷ್ಟು ಗಂಟೆ?

ಕೋಳಿ ಬೆಳಕು ನೋಡಿ ಕೂಗುತ್ತೆ ಅಂತ ನಾವೆಲ್ಲ ಅಂದ್ಕೊಂಡಿರ್ತೀವಿ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸುಯೋಶಿ ಶಿಮ್ಮುರಾ ಮತ್ತು ತಕಾಶಿ ಯೋಶಿಮುರಾ ಇದನ್ನ ಪರೀಕ್ಷೆ ಮಾಡಿ 2013ರಲ್ಲಿ ಪ್ರಕಟಿಸಿದರು. ಹುಂಜಗಳು ದೀಪ ಹತ್ತೋಕೆ ಸುಮಾರು ಎರಡು ಗಂಟೆ ಮುಂಚೆಯೇ ಕೂಗೋಕೆ ಶುರು ಮಾಡಿದವು. ಆಮೇಲೆ ಹಗಲು ರಾತ್ರಿ ಒಂದೇ ಮಂದ ಬೆಳಕಲ್ಲಿ ಇಟ್ಟರೂ, ಹೆಚ್ಚು ಕಮ್ಮಿ ದಿನಕ್ಕೊಮ್ಮೆ ಅದೇ ಸರದಿಯಲ್ಲಿ ಕೂಗಿದವು. ಅಂದರೆ ಬೆಳಗು ಬರುತ್ತೆ ಅನ್ನೋದು ಹುಂಜದ ಮೈಯೊಳಗೇ ಇದೆ, ಕಣ್ಣಿಗೆ ಬೆಳಕು ಬೀಳಬೇಕಾಗಿಲ್ಲ.

ಅದೇ ತಂಡ 2015ರಲ್ಲಿ ಇನ್ನೊಂದು ವಿಷಯ ತೋರಿಸ್ತು. ಒಂದೇ ಕಡೆ ಇರೋ ಹುಂಜಗಳಲ್ಲಿ ಯಜಮಾನ ಹುಂಜ ಯಾವುದೋ ಅದೇ ಮೊದಲು ಕೂಗುತ್ತೆ. ಮಿಕ್ಕವು ತಮ್ಮ ತಮ್ಮ ಅಂತಸ್ತಿನ ಪ್ರಕಾರ ಹಿಂದೆ ಕೂಗ್ತವೆ. ಯಜಮಾನನನ್ನ ಎತ್ತಿಕೊಂಡು ಹೋದರೆ ಎರಡನೆಯದು ಮೊದಲು ಕೂಗುತ್ತೆ. ಇದನ್ನ ಓದಿದಾಗ ನಾನು ಕುರ್ಚಿಯಿಂದ ಎದ್ದು ಓಡಾಡಿದೆ. ಮುಂ-ಕೋಳಿ! ಮುಂದಾಳು ಕೋಳಿ! ಪದ ಕಟ್ಟಿದವರಿಗೆ ಇದೆಲ್ಲ ಗೊತ್ತಿತ್ತು ಅಂತ ನಾನು ವಾದ ಮಾಡಲ್ಲ, ಅಂಥ ವಾದ ಮಾಡೋ ಚಾನೆಲ್‌ಗಳು ಬೇರೆ ಇವೆ. ಅವರ ಮನಸ್ಸಲ್ಲಿ ಇದ್ದದ್ದು ಹೊತ್ತಿನ ಸರದಿ. ಆದರೆ ಒಂದು ಕೋಳಿ ಮೊದಲು, ಮಿಕ್ಕವು ಆಮೇಲೆ ಅನ್ನೋದನ್ನ ಕಿವಿಗೊಟ್ಟು ಕೇಳಿದವರೇ ಈ ಪದ ಕಟ್ಟಿದ್ದು, ಅಷ್ಟು ಖಂಡಿತ.

ಎರಡು ಗಂಟೆ ಅಂದರೆ ನಮ್ಮ ಹಳೇ ಲೆಕ್ಕದಲ್ಲಿ ಐದು ಘಳಿಗೆ, ಘಳಿಗೆಗೆ 24 ನಿಮಿಷ. ಸೂರ್ಯೋದಯಕ್ಕೆ ನಾಲ್ಕು ಘಳಿಗೆ ಮುಂಚೆ ಅರುಣೋದಯ ಅಂತ ಶಾಸ್ತ್ರದವರ ಲೆಕ್ಕ. ಅಂದರೆ ಮುಂಗೋಳಿ ಅರುಣೋದಯಕ್ಕಿಂತ ಒಂದು ಹೆಜ್ಜೆ ಹಿಂದೆ, ಇನ್ನೂ ಪೂರ್ತಿ ಕತ್ತಲಲ್ಲಿ. ಅರಸೀಕೆರೆ ಕಡೆ ಡಿಸೆಂಬರ್ ಶುರುವಿನಲ್ಲಿ ಸೂರ್ಯ ಹುಟ್ಟೋದು ಹತ್ತಿರಹತ್ತಿರ ಆರೂವರೆಗೆ. ಎರಡು ಗಂಟೆ ಕಳೆದರೆ ನಾಲ್ಕೂವರೆ. ನನ್ನ ಅಂದಾಜು ಪರವಾಗಿಲ್ಲ.

ಆದರೆ ಇದು ಒಂದೂರಿನ ಒಂದು ತಿಂಗಳ ಲೆಕ್ಕ. ಅದೇ ಊರಲ್ಲಿ ಜೂನ್ ತಿಂಗಳ ಮುಂಗೋಳಿ ನಾಲ್ಕಕ್ಕೇ ಬರುತ್ತೆ. ಅಡಾಜಣ್‌ನಲ್ಲಿ ಜನವರಿಯಲ್ಲಿ ಸೂರ್ಯ ಏಳೂಕಾಲರ ತನಕ ಮುಖ ತೋರಿಸಲ್ಲ, ಇಲ್ಲಿನ ಮುಂಗೋಳಿ ಐದು ದಾಟುತ್ತೆ. ನಾವು ಕೈಗೆ ಕಟ್ಟಿಕೊಂಡಿರೋ ಸಮಯ ಇಡೀ ದೇಶಕ್ಕೆ ಒಂದೇ, 1906ರ ಜನವರಿ 1ಕ್ಕೆ ಜಾರಿಗೆ ಬಂದದ್ದು. ಅದು 82.5 ಡಿಗ್ರಿ ರೇಖಾಂಶದ ಸೂರ್ಯನ ಲೆಕ್ಕ. ಸೂರತ್, ಮುಂಬಯಿ ಎರಡೂ 73 ಡಿಗ್ರಿಗೂ ಈಚೆ. ಇಲ್ಲಿನ ಸೂರ್ಯ ಆ ಗಡಿಯಾರಕ್ಕಿಂತ ಸುಮಾರು 39 ನಿಮಿಷ ಹಿಂದೆ. ಮುಂಬಯಿಯವರು ಒಪ್ಪದೆ ತಮ್ಮ 'ಬಾಂಬೆ ಟೈಮ್' ಅನ್ನ 1955ರವರೆಗೂ ಬಿಡಲಿಲ್ಲ. ಹುಂಜಗಳು ಇವತ್ತಿಗೂ ಬಿಟ್ಟಿಲ್ಲ.

ಒಂದು ಅಂಕದ ಪ್ರಶ್ನೆ

ಗಂಟೆ ಸಿಕ್ಕಿತು, ವಾರ ಸಿಗಲಿಲ್ಲ. ಅದು ಸಿಕ್ಕಿದ್ದು ನಾನು ಹುಡುಕದೇ ಇದ್ದ ಜಾಗದಲ್ಲಿ.

ಕೆಎಎಸ್, ಎಫ್‌ಡಿಎ ಪರೀಕ್ಷೆಗೆ ಓದಿದವರೆಲ್ಲ ಉರು ಹೊಡೆದಿರೋ ಪ್ರಶ್ನೆ: 'ಹೊಸಗನ್ನಡದ ಮುಂಗೋಳಿ' ಯಾರು? ಉತ್ತರ: ಮುದ್ದಣ. ನಾನೂ ಬರೆದು ಅಂಕ ತಗೊಂಡಿದ್ದೀನಿ. ಮುಂಗೋಳಿ ಅಂದರೆ ಹರಿಕಾರ, ಮೊದಲಿಗ ಅಂತ ಇರಬೇಕು ಅಂದ್ಕೊಂಡು ಮುಂದೆ ಹೋಗಿದ್ದೆ.

ಮುದ್ದಣನ ನಿಜ ಹೆಸರು ಲಕ್ಷ್ಮೀನಾರಾಯಣಪ್ಪ. 1870ರಲ್ಲಿ ನಂದಳಿಕೆಯಲ್ಲಿ ಹುಟ್ಟಿ, ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರಾಗಿ, ಕ್ಷಯದಿಂದ 1901ರಲ್ಲಿ ತೀರಿಕೊಂಡವನು. ಬದುಕಿದ್ದು 31 ವರ್ಷ. ಬರೆದಿದ್ದನ್ನ ತನ್ನದು ಅಂತ ಹೇಳಿಕೊಳ್ಳದೆ, ಹಳೇ ಕಾಲದ ಗ್ರಂಥ ಅನ್ನೋ ಹಾಗೆ ಮೈಸೂರಿನ 'ಕಾವ್ಯಮಂಜರಿ'ಗೆ ಕಳಿಸ್ತಿದ್ದ. 'ರಾಮಾಶ್ವಮೇಧ' ಗದ್ಯ, ಆದರೆ ಭಾಷೆ ಹಳಗನ್ನಡ. ಕಥೆ ಹೇಳೋ ಮುದ್ದಣ ಮತ್ತು ಕೇಳೋ ಮನೋರಮೆ, ಗಂಡಹೆಂಡತಿಯ ಮಾತುಕತೆಯಲ್ಲಿ ಮಾತ್ರ ಹೊಸ ಕಾಲದ ಉಸಿರು. ನವೋದಯ ಅಂತ ನಾವು ಕರೆಯೋದು ಮೊಳಗಿದ್ದು ಅವನು ಹೋಗಿ ಎರಡು ದಶಕ ಆದಮೇಲೆ.

ಅವನನ್ನ ಹೊಸಗನ್ನಡದ ಬೆಳಗು ಅನ್ನಲಿಲ್ಲ, ಸೂರ್ಯ ಅನ್ನಲಿಲ್ಲ. ಮುಂಗೋಳಿ ಅಂದ್ರು. ಈಗ ನೋಡಿದರೆ ಆ ಪದ ತೂಕ ಹಾಕಿ ಇಟ್ಟಿದ್ದು. ಮುಂಗೋಳಿ ಕೂಗೋದು ಕತ್ತಲಲ್ಲಿ. ಅದು ಬೆಳಗಿನ ಸುದ್ದಿ ಹೇಳುತ್ತೆ, ಆದರೆ ಅದರ ಹೊತ್ತು ರಾತ್ರಿಗೆ ಸೇರಿದ್ದು. ಮುದ್ದಣನ ಕಾಲ, ಅವನ ಭಾಷೆ ಎಲ್ಲ ಹಳೇ ಕನ್ನಡದ ಕಡೇ ಜಾವದ್ದು. ಕೂಗಿದ, ಬೆಳಕು ನೋಡಲಿಲ್ಲ.

ಅಲ್ಲಿಗೆ ಅಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಿತು. ಪಂಚಾಂಗದಲ್ಲಿ ವಾರ ಬದಲಾಗೋದು ಸೂರ್ಯೋದಯಕ್ಕೆ. ರಾತ್ರಿ ಹನ್ನೆರಡಕ್ಕೆ ಏನೂ ಆಗಲ್ಲ, ಆಗ ಎಚ್ಚರ ಇರೋರೂ ಕಮ್ಮಿ. ಸೋಮವಾರ ಮಲಗಿದವರಿಗೆ ಮುಂಗೋಳಿ ಕೂಗಿದಾಗ ಅದು ಇನ್ನೂ ಸೋಮವಾರದ ರಾತ್ರಿ. ಕೋಳಿ ಸೋಮವಾರದ್ದು, ಮಗು ಸೋಮವಾರದ್ದು. ತಪ್ಪಿದ್ದು ಆ್ಯಪಿನ ಮೇಲ್ಸಾಲು ಬರೆದ ನನ್ನಂಥ ಯಾವನೋ ಇಂಜಿನಿಯರ್. ತಾರೀಖಿನ ವಾರವನ್ನ ತಂದು ಜಾತಕದ ನೆತ್ತಿ ಮೇಲೆ ಅಂಟಿಸಿಬಿಟ್ಟಿದ್ದ. ನಾನೂ ಆ ಕೆಲಸಕ್ಕೆ ಕೂತಿದ್ದರೆ ಅದನ್ನೇ ಮಾಡ್ತಿದ್ದೆ.

ಅಪ್ಪನಿಗೆ ಫೋನ್ ಮಾಡಿ ಹೇಳಿದೆ, "ಅಪ್ಪಾಜಿ, ಅಜ್ಜಿ ಹೇಳಿದ್ದೇ ಸರಿ. ತಾರೀಖು ಡಿಸೆಂಬರ್ ಒಂದು, ವಾರ ಸೋಮವಾರ. ಎರಡೂ ನಿಜ." ಅಪ್ಪ ನಕ್ಕರು. "ಅವ್ವ ಓದ್ದೋಳಲ್ಲ, ಆದ್ರೆ ವಾರ ತಪ್ಪೋಳಲ್ಲ" ಅಂದ್ರು. ಆಹ್ವಾನ ಪತ್ರಿಕೆಯಲ್ಲಿ ತಾರೀಖು, ಗಂಟೆ ಎರಡನ್ನೂ ಬಿಟ್ಟು ಅಜ್ಜಿಯ ಮಾತನ್ನೇ ಅಚ್ಚು ಹಾಕಿಸಿದ್ವಿ. ಪುರೋಹಿತರು ಓದಿ, ಒಂದೂ ಪ್ರಶ್ನೆ ಕೇಳದೆ ಲೆಕ್ಕ ಹಾಕಿಕೊಂಡರು. ಅವರಿಗೆ ಎಪ್ಪತ್ತೈದು. ಪತ್ರಿಕೆ ನೋಡಿದ ನನ್ನ ಚಿಕ್ಕಪ್ಪನ ಮಗ, ಬೆಂಗಳೂರಲ್ಲೇ ಹುಟ್ಟಿದವನು, "ಅಣ್ಣಾ, ಮುಂಗೋಳಿ ಅನ್ನೋದು ಊರ ಹೆಸರಾ?" ಅಂತ ಕೇಳಿದ.

ಅದೇ ನನ್ನ ಚಿಂತೆ. ಕೊಕ್ಕೊಕ್ಕೋ ಉಳಿಯುತ್ತೆ, ಮಕ್ಕಳ ಪುಸ್ತಕ ಇದೆ. ಇಲ್ಲಿ ಗುಜರಾತಿನ ಕೂಕಡೇಕೂಕ್‌ಗೆ ದೇವಿಯ ಕಾವಲೇ ಇದೆ. ಮೆಹ್ಸಾಣಾ ಜಿಲ್ಲೆಯ ಬಹುಚರಾಜಿಯಲ್ಲಿ ತಾಯಿಯ ವಾಹನ ಹುಂಜ. ಸೈನಿಕರು ಆಕೆಯ ಹುಂಜಗಳನ್ನ ತಿಂದರಂತೆ, ಬೆಳಗಿನ ಜಾವ ಹೊಟ್ಟೆಯೊಳಗಿಂದಲೇ ಅವು ಕೂಗಿದವಂತೆ. ಪಕ್ಕದ ಮನೆ ಬಾ, ಅಂದರೆ ಅಜ್ಜಿ, ನನ್ನ ಮಗಳಿಗೆ ಈ ಕಥೆ ಹೇಳಿದಾಗಿನಿಂದ ಅವಳು ದಿನಾ ನನ್ನ ಹೊಟ್ಟೆಗೆ ಕಿವಿಗೊಟ್ಟು ಕೇಳ್ತಾಳೆ. ಸದ್ದಿನ ಪದಕ್ಕೆ ಸಾವಿಲ್ಲ. ಹೊತ್ತಿನ ಪದ ಹಾಗಲ್ಲ, ಆ ಹೊತ್ತಲ್ಲಿ ಎದ್ದು ಕೆಲಸ ಮಾಡೋರು ಇದ್ದರೆ ಮಾತ್ರ ಇರುತ್ತೆ. ಅಲಾರಂ ಬಂದಮೇಲೆ ನಮಗೆ ಆ ಹೊತ್ತಿಗೆ ಹೆಸರೇ ಬೇಕಾಗಿಲ್ಲ, ನಂಬರ್ ಸಾಕು.

ಇದನ್ನ ರೆಕಾರ್ಡ್ ಮಾಡೋ ಮುಂಚೆ ಒಂದು ದಿನ ಐದಕ್ಕೆ ಮೊದಲೇ ಬಾಲ್ಕನಿಯಲ್ಲಿ ನಿಂತಿದ್ದೆ. ಅಡಾಜಣ್ ಈಗ ಪೂರಾ ಅಪಾರ್ಟ್‌ಮೆಂಟು, ಆದರೆ ಹಳೇ ಊರಿನ ಗಲ್ಲಿಗಳು ಒಂದಷ್ಟು ಉಳಿದಿವೆ. ಆ ಕಡೆಯಿಂದ ಒಂದು ಹುಂಜ ಕೂಗ್ತು. ಇನ್ನೂ ಕತ್ತಲು. ಕಾದೆ, ಅದರ ಹಿಂದೆ ಎರಡನೇದು ಕೂಗಲಿಲ್ಲ. ಇಡೀ ಬಡಾವಣೆಗೆ ಅದೊಂದೇ ಇರಬೇಕು. ಯಾರೂ ಹಿಂದೆ ಇಲ್ಲದಿದ್ದರೆ ಅದನ್ನ ಮುಂಗೋಳಿ ಅನ್ನಬಹುದೋ ಇಲ್ಲವೋ, ನನಗೆ ತೀರ್ಮಾನ ಆಗಲಿಲ್ಲ.

ನಿಮ್ಮ ಕಡೆ ಈ ಹೊತ್ತಿಗೆ ಏನಂತಾರೆ? ಮನೆಯಲ್ಲಿ ಹಿರಿಯರಿದ್ದರೆ ಅವರು ಹುಟ್ಟಿದ ಹೊತ್ತು ಕೇಳಿ, ಅವರು ಹೇಳಿದ ಹಾಗೇ, ಗಂಟೆಗೆ ತಿರುಗಿಸದೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅವನ್ನೆಲ್ಲ ಓದೋಣ.